ಪಕ್ಕದ ಮೇಜಿನವರು ಇಲ್ಲದ ಕಚೇರಿ

ಕಳೆದ ಮಳೆಗಾಲದ ಒಂದು ಬುಧವಾರ ಮೈಸೂರಿನ ಕುವೆಂಪುನಗರದ ನಮ್ಮ ಭಾಗದಲ್ಲಿ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ಇರುವುದಿಲ್ಲವೆಂಬ ಪ್ರಕಟಣೆಯನ್ನು ಪತ್ರಿಕೆಯಲ್ಲಿ ಓದಿ, ಬಹಳ ತಿಂಗಳುಗಳ ನಂತರ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಚೇರಿಗೆ ಹೋದೆ. ವಿದೇಶಿ ಪ್ರಕಾಶಕರ ವಿಜ್ಞಾನ ನಿಯತಕಾಲಿಕೆಗಳಿಗೆ ಪುಟವಿನ್ಯಾಸ ಮಾಡಿ, ಪ್ರೂಫ್ ತಿದ್ದಿಕೊಡುವುದು ನಮ್ಮ ಕೆಲಸ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ಕಂಪ್ಯೂಟರುಗಳನ್ನು ಆಟೊದಲ್ಲಿಟ್ಟುಕೊಂಡು ಮನೆಗೆ ಹೋದವರಲ್ಲಿ ಹೆಚ್ಚಿನವರು ಮರಳಿ ಬಂದಿಲ್ಲ. ಬರಬೇಕೆಂದು ಯಾರೂ ಒತ್ತಾಯಿಸಿಯೂ ಇಲ್ಲ.

ಬಾಗಿಲಲ್ಲಿದ್ದ ಕಾವಲುಗಾರ ನನ್ನ ಗುರುತು ಹಿಡಿಯಲಿಲ್ಲ. ಗುರುತಿನ ಚೀಟಿ ತೋರಿಸಿ, ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆದು ಒಳಗೆ ಹೋಗಬೇಕಾಯಿತು. ದೊಡ್ಡ ಹಾಲ್‌ನಲ್ಲಿ ಒಂದು ಸಾಲಿನ ದೀಪ ಮಾತ್ರ ಉರಿಯುತ್ತಿತ್ತು. ಕ್ಯಾಂಟೀನ್ ಮುಚ್ಚಿತ್ತು. ಅಲ್ಲಿ ಚಪಾತಿ ಲಟ್ಟಿಸುತ್ತಿದ್ದ ಹೆಂಗಸರಿಗೂ ನೆಲ ಒರೆಸುತ್ತಿದ್ದವರಿಗೂ ಮನೆಯಿಂದ ಕೆಲಸ ಮಾಡುವ ಅನುಕೂಲವೆಂಬುದು ಇರಲಿಲ್ಲ, ಕೆಲಸವೇ ಹೋಯಿತು. ಮನೆಯಿಂದ ದುಡಿಯುವುದರ ಬಗ್ಗೆ ನಾವು ನಡೆಸುವ ಚರ್ಚೆಗಳಲ್ಲಿ ಅವರ ಮಾತು ಬರುವುದೇ ಕಡಿಮೆ.

ಉರಿಯುತ್ತಿದ್ದ ದೀಪದ ಕೆಳಗೆ ಒಬ್ಬಳೇ ಹುಡುಗಿ ಕುಳಿತಿದ್ದಳು. ಪಾಂಡವಪುರದ ಕಡೆಯವಳು, ಹೊಸದಾಗಿ ಸೇರಿದ ಟ್ರೈನಿ. ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲವೆಂದು ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಾಳಂತೆ. 2023ರ ಜೂನ್‌ನಿಂದ ಹೆಂಗಸರಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ಟಿಗೆ ಹಣ ಕೊಡಬೇಕಿಲ್ಲದಿರುವುದರಿಂದ ಅದು ಸಾಧ್ಯವಾಗಿದೆ, ಮೈಸೂರಿನಲ್ಲಿ ಪಿ.ಜಿ. ಹಿಡಿಯುವಷ್ಟು ಸಂಬಳ ಅವಳಿಗಿಲ್ಲ. "ಇಲ್ಲಿ ಯಾರನ್ನು ಕೇಳ್ತೀಯಮ್ಮ, ಏನಾದರೂ ಗೊತ್ತಾಗದಿದ್ದರೆ?" ಎಂದೆ. "ಮೆಸೇಜ್ ಹಾಕ್ತೀನಿ ಮೇಡಂ. ಎಲ್ಲರೂ ಬ್ಯುಸಿ ಇರ್ತಾರೆ, ಅದಕ್ಕೆ ಜಾಸ್ತಿ ಹಾಕಲ್ಲ" ಎಂದಳು.

ಅವಳ ಹಿಂದಿನ ಮೇಜಿನಲ್ಲಿ ಕುಳಿತೆ. ನೀರು ತರಲು ಎದ್ದಾಗ ಅವಳ ಪರದೆಯ ಮೇಲೆ ಕಣ್ಣು ಹೋಯಿತು. ಜೀವವಿಜ್ಞಾನದ ಒಂದು ಲೇಖನ. ಮಾದರಿಗಳನ್ನು −80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶೇಖರಿಸಿಟ್ಟಿದ್ದನ್ನು ಹೇಳುವ ಸಾಲು. ಆಕೆ ಮೈನಸ್ ಚಿಹ್ನೆಯ ಜಾಗದಲ್ಲಿ ಕೀಲಿಮಣೆಯ ಹೈಫನ್ ಒತ್ತಿದ್ದಳು. ನೋಡುವುದಕ್ಕೆ ಎರಡೂ ಸಣ್ಣ ಗೆರೆಗಳೇ; ಆದರೆ ಕಂಪ್ಯೂಟರಿನ ಪಾಲಿಗೆ ಅವು ಬೇರೆ ಬೇರೆ ಅಕ್ಷರಗಳು. ಹೈಫನ್ ಬಂದಲ್ಲಿ ಸಾಲನ್ನು ಮುರಿಯಬಹುದೆಂದು ಪುಟವಿನ್ಯಾಸದ ತಂತ್ರಾಂಶ ತಿಳಿಯುವುದರಿಂದ, ಗೆರೆ ಮೇಲಿನ ಸಾಲಿನ ತುದಿಯಲ್ಲಿ ಉಳಿದು 80 ಎಂಬುದು ಕೆಳಗಿನ ಸಾಲಿಗೆ ಇಳಿಯುವ ಸಂಭವವಿದೆ. ಆಗ ಅವಸರದಲ್ಲಿ ಓದುವವನ ಕಣ್ಣಿಗೆ ಅತಿಶೀತಲ ಪೆಟ್ಟಿಗೆಯಲ್ಲಿದ್ದ ಮಾದರಿ ಕುದಿಯುವುದಕ್ಕೆ ಹತ್ತಿರವಾದ ಶಾಖದಲ್ಲಿ ಇದ್ದಂತೆ ಕಾಣುತ್ತದೆ. ಇಷ್ಟನ್ನು ನಿಂತಲ್ಲೇ ಹೇಳಿದೆ. ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ಆಮೇಲೆ ತಿಳಿದ ಸಂಗತಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಆಕೆ ಸೇರಿದಂದಿನಿಂದಲೂ ಹಾಗೆಯೇ ಮಾಡುತ್ತಿದ್ದಳು. ಮನೆಗಳಲ್ಲಿ ಕುಳಿತ ರಾತ್ರಿ ಪಾಳಿಯ ಪರಿಶೀಲಕರು ಅದನ್ನು ಪ್ರತಿದಿನವೂ ತಿದ್ದಿ ಫೈಲನ್ನು ಮುಂದಕ್ಕೆ ಕಳುಹಿಸುತ್ತಿದ್ದರು. ಯಾರದೂ ತಪ್ಪೆನ್ನಲಾಗದು. ತಿದ್ದುವುದು ಕ್ಷಣದ ಕೆಲಸ, ವಿವರಿಸಿ ಬರೆಯುವುದಕ್ಕೆ ಕಾಲು ಗಂಟೆ ಬೇಕು. ಅವರಿಗೂ ಪುಟಗಳ ಗುರಿಯಿದೆ. ತಿದ್ದಿದ ಪ್ರತಿ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ಕಾಣುತ್ತಿದ್ದುದು ದಿನದ ಪುಟಗಳ ಲೆಕ್ಕ ಮಾತ್ರ, ಅದರಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು.

ನಾನು ಈ ಕೆಲಸ ಕಲಿತ ಕಾಲದಲ್ಲಿ ನನಗೆ ಯಾರೂ ಪಾಠ ಮಾಡಲಿಲ್ಲ. ಪಕ್ಕದ ಸಾಲಿನ ಹಿರಿಯರೊಬ್ಬರು ಗ್ರಾಹಕರೊಡನೆ ಫೋನಿನಲ್ಲಿ ವಾದಿಸುವುದನ್ನು ಕೇಳುತ್ತಾ, ಇನ್ನೊಬ್ಬರು "ಈ ಲೇಖಕ ಕೋಷ್ಟಕ ಎರಡನ್ನು ಎಲ್ಲೂ ಉಲ್ಲೇಖಿಸಿಯೇ ಇಲ್ಲವಲ್ಲ" ಎಂದು ಗೊಣಗುವುದನ್ನು ಕೇಳುತ್ತಾ ಕೋಷ್ಟಕಗಳನ್ನು ಹಾಗೆ ನೋಡಬೇಕೆಂಬುದು ತಾನಾಗಿ ತಲೆಗೆ ಹತ್ತಿತು. ನನಗೆ ಗೊತ್ತಿಲ್ಲವೆಂದೇ ಗೊತ್ತಿಲ್ಲದಿದ್ದ ವಿಷಯಗಳವು. ಅವನ್ನು ಪ್ರಶ್ನೆಯಾಗಿ ಕೇಳಲು ನನ್ನಿಂದ ಆಗುತ್ತಲೇ ಇರಲಿಲ್ಲ. ಮನೆಯಿಂದ ದುಡಿಯುವವನಿಗೆ ಕೇಳಿದ್ದಕ್ಕೆ ಮಾತ್ರ ಉತ್ತರ ಸಿಗುತ್ತದೆ, ಅದೂ ಕೇಳುವ ಧೈರ್ಯವಿದ್ದರೆ.

ಮನೆಯಿಂದ ಕೆಲಸ ಮಾಡುವುದೇ ಕೆಟ್ಟದ್ದೆಂದು ಹೇಳಲಾರೆ. ಸಿಟಿ ಬಸ್ ನಿಲ್ದಾಣದಲ್ಲಿ ಬಸ್ ಬದಲಿಸುತ್ತಾ ಕಳೆದ ವರ್ಷಗಳ ಬಳಿಕ ಸಿಕ್ಕಿದ ಆ ಸಮಯದಿಂದಲೇ ನನ್ನ ತಾಯಿಯ ಕೊನೆಯ ದಿನಗಳಲ್ಲಿ ಹತ್ತಿರವಿರುವುದು ಸಾಧ್ಯವಾಯಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಚೀನಾದ ಸಿಟ್ರಿಪ್ ಎಂಬ ಪ್ರವಾಸ ಸಂಸ್ಥೆಯಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನೆಯಿಂದ ಕರೆಗಳಿಗೆ ಉತ್ತರಿಸಿದವರ ಕೆಲಸ ಶೇ 13ರಷ್ಟು ಹೆಚ್ಚಿತ್ತು. ನಮ್ಮ ಮ್ಯಾನೇಜರ್‌ಗೆ ಪ್ರಿಯವಾದ ಅಂಕಿ ಅದು. ಅಷ್ಟೇ ಕೆಲಸ ಮಾಡಿದರೂ ಮನೆಯಿಂದ ದುಡಿದವರಿಗೆ ಬಡ್ತಿ ಸಿಗುವುದು ಕಡಿಮೆಯಾಗಿತ್ತೆಂಬುದೂ, ಆಯ್ಕೆ ಕೊಟ್ಟಾಗ ಅವರಲ್ಲಿ ಅರ್ಧದಷ್ಟು ಮಂದಿ ಕಚೇರಿಗೆ ಮರಳಿದರೆಂಬುದೂ ಅದೇ ವರದಿಯಲ್ಲಿದೆ; ಅದನ್ನು ಮ್ಯಾನೇಜರ್ ಹೇಳಿದ್ದನ್ನು ನಾನು ಕೇಳಿಲ್ಲ. ಕೆಲಸ ಬಲ್ಲವರಿಗೆ ಮನೆ ಅನುಕೂಲವೇ. ಕೆಲಸವನ್ನು ಇನ್ನೂ ಕಲಿಯಬೇಕಾದವರು ಆ ಅನುಕೂಲದ ಬೆಲೆ ತೆರುತ್ತಿದ್ದಾರೆ.

ಮರುದಿನ ಮ್ಯಾನೇಜರ್‌ಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದಾಗ, ಟ್ರೈನಿಗಳಿಗಾಗಿ ಒಂದು ವಾಟ್ಸ್‌ಆ್ಯಪ್ ಗುಂಪು ಮಾಡೋಣವೆಂದರು. ಗುಂಪು ಆಯಿತು, ಅದರಲ್ಲಿ ಹಬ್ಬಗಳ ಶುಭಾಶಯಗಳು ಬರುತ್ತಿವೆ. ಕೊನೆಗೆ ನಾನೂ ಇನ್ನಿಬ್ಬರು ಹಿರಿಯರೂ ಬುಧವಾರಗಳಂದು ಕಚೇರಿಗೆ ಬಂದು ಹೊಸಬರ ನಡುವೆ ಕೂರುವುದೆಂದು ನಾವೇ ಮಾಡಿಕೊಂಡೆವು. ಪಾಠವಿಲ್ಲ, ಮೀಟಿಂಗ್ ಇಲ್ಲ. ನಮ್ಮ ನಮ್ಮ ಕೆಲಸ ಮಾಡುತ್ತಾ ಗಟ್ಟಿಯಾಗಿ ಗೊಣಗುವುದಷ್ಟೇ. ಕ್ಯಾಂಟೀನ್ ತೆರೆಯಬೇಕಾದಷ್ಟು ಜನ ಆಗುವುದಿಲ್ಲವಾದ್ದರಿಂದ ಡಬ್ಬಿ ತರುತ್ತೇವೆ. ಎರಡು ಸಾಲು ಮೇಜುಗಳನ್ನು ಉಳಿಸಿಕೊಂಡು ಮಿಕ್ಕ ಜಾಗವನ್ನು ಕಟ್ಟಡದ ಮಾಲೀಕರಿಗೆ ಬಿಟ್ಟುಕೊಡುವ ಯೋಚನೆ ಆಡಳಿತದವರಿಗಿದೆ. ಆ ಎರಡು ಸಾಲುಗಳ ನಡುವೆ ಗೋಡೆ ಎಬ್ಬಿಸಬೇಡಿ ಎಂದಷ್ಟೇ ಅವರಿಗೆ ಬರೆದಿದ್ದೇನೆ.