ಎಲ್ಲ ಪಿತೂರಿಗಳೂ ನಿಜವಾಗಿಬಿಟ್ಟರೆ

ಭಾನುವಾರ, 14 ಜುಲೈ 2024

‘ಇಲ್ಯುಮಿನೇಟಸ್!’ ಮೂರನೇ ಸಂಪುಟ ನಿನ್ನೆ ರಾತ್ರಿ ಮುಗಿಯಿತು. ಇವತ್ತು ಬೇರೇನೂ ಓದಲು ಮನಸ್ಸಾಗುತ್ತಿಲ್ಲ. ಅದೇ ತಲೆಯಲ್ಲಿ ಸುತ್ತುತ್ತಿದೆ. ಬರೆದಿಟ್ಟರೆ ಸ್ವಲ್ಪ ಸ್ಪಷ್ಟವಾಗಬಹುದು.

ರಾಬರ್ಟ್ ಶೇ ಮತ್ತು ರಾಬರ್ಟ್ ಆಂಟನ್ ವಿಲ್ಸನ್ ಸೇರಿ ಬರೆದ ಕಾದಂಬರಿ ಇದು. 1960ರ ದಶಕದ ಕೊನೆಯಲ್ಲಿ ಇಬ್ಬರೂ ‘ಪ್ಲೇಬಾಯ್’ ಪತ್ರಿಕೆಯಲ್ಲಿ ಸಂಪಾದಕರಾಗಿದ್ದರು. ಓದುಗರ ಪತ್ರಗಳನ್ನು ನೋಡುವ ಕೆಲಸ ಅವರದು. ಅಲ್ಲಿಗೆ ಬರುತ್ತಿದ್ದ ಪತ್ರಗಳಲ್ಲಿ ತರಹೇವಾರಿ ಪಿತೂರಿಗಳ ಕಥೆ ಇರುತ್ತಿತ್ತು. ಇವೆಲ್ಲ ಒಟ್ಟಿಗೇ ನಿಜವಾಗಿದ್ದರೆ ಜಗತ್ತು ಹೇಗಿರುತ್ತದೆ ಎಂದು ಇಬ್ಬರೂ ಯೋಚಿಸಿದರು. ಅದರಿಂದ ಹುಟ್ಟಿದ ಪುಸ್ತಕ 1975ರಲ್ಲಿ ಮೂರು ಭಾಗಗಳಾಗಿ ಹೊರಬಂತು.

ಓದುವುದು ಸುಲಭವಲ್ಲ. ಒಂದು ವಾಕ್ಯದಲ್ಲಿ ನ್ಯೂಯಾರ್ಕಿನ ಪೊಲೀಸ್ ಅಧಿಕಾರಿ ಇರುತ್ತಾನೆ, ಮುಂದಿನ ವಾಕ್ಯದಲ್ಲಿ ಸಮುದ್ರದಡಿಯ ಜಲಾಂತರ್ಗಾಮಿ. ‘ಅವನು’ ಎಂದು ನಡೆಯುತ್ತಿದ್ದ ಕಥೆ ಪ್ಯಾರಾ ಮಧ್ಯದಲ್ಲೇ ‘ನಾನು’ ಆಗಿಬಿಡುತ್ತದೆ. ಯಾರ ‘ನಾನು’? ಅದು ತಿಳಿಯುವ ಹೊತ್ತಿಗೆ ಕಥೆ ಇನ್ನೆಲ್ಲೋ ಹೋಗಿರುತ್ತದೆ. ಪಾತ್ರಗಳಿಗೇ ತಾವು ಯಾವುದೋ ಪುಸ್ತಕದೊಳಗೆ ಇದ್ದೇವೆ ಎಂಬ ಸಂಶಯ ಬರುತ್ತದೆ. ಒಬ್ಬ ವಿಮರ್ಶಕನೂ ಬರುತ್ತಾನೆ. ಯಾವುದೋ ದಪ್ಪ ಕಾದಂಬರಿಯನ್ನು ಪೂರ್ತಿ ಓದದೆಯೇ ಬೈದು ಬರೆಯಲು ಹೊರಟಿರುತ್ತಾನೆ. ಆ ಕಾದಂಬರಿ ಬೇರೆ ಯಾವುದೂ ಅಲ್ಲ, ನಮ್ಮ ಕೈಯಲ್ಲಿರುವುದೇ.

ಕಾದಂಬರಿಯ ಪಿತೂರಿಗಳ ನಡುವೆ ಇರುವ ಇಲ್ಯುಮಿನಾಟಿ ಎಂಬ ಗುಪ್ತ ಗುಂಪು ನಿಜವಾಗಿಯೂ ಇತ್ತು. 1776ರ ಮೇ 1ರಂದು ಈಗಿನ ಜರ್ಮನಿಯ ಬವೇರಿಯಾದ ಇಂಗೊಲ್‌ಸ್ಟಾಟ್‌ನಲ್ಲಿ ಕಾನೂನು ಪ್ರಾಧ್ಯಾಪಕ ಆಡಂ ವೈಸ್‌ಹೌಪ್ಟ್ ಅದನ್ನು ಶುರು ಮಾಡಿದ. ಹತ್ತು ವರ್ಷ ತುಂಬುವುದರೊಳಗೆ ಅಲ್ಲಿನ ಸರ್ಕಾರ ನಿಷೇಧ ಹಾಕಿತು. ಗುಂಪಿನ ಕಥೆ ಅಲ್ಲಿಗೆ ಮುಗಿಯಿತು, ಆದರೆ ಗುಂಪಿನ ಬಗೆಗಿನ ಕಥೆ ಆಮೇಲೆ ಶುರುವಾಯಿತು. 1797ರ ಹೊತ್ತಿಗೆ ಫ್ರೆಂಚ್ ಕ್ರಾಂತಿಗೂ ಅವರೇ ಕಾರಣ ಎಂದು ಪುಸ್ತಕಗಳು ಬಂದವು. ಶೇ ಮತ್ತು ವಿಲ್ಸನ್ ಈ ಅಳಿದುಳಿದ ಕಥೆಯನ್ನೇ ಎತ್ತಿಕೊಂಡು, ವೈಸ್‌ಹೌಪ್ಟ್ ಅಮೆರಿಕಕ್ಕೆ ಬಂದು ಜಾರ್ಜ್ ವಾಷಿಂಗ್ಟನ್ ಜಾಗದಲ್ಲಿ ಕೂತಿದ್ದ ಎನ್ನುವವರೆಗೂ ಎಳೆಯುತ್ತಾರೆ.

ಎಲ್ಲವೂ ಚೆನ್ನಾಗಿದೆ ಅಂತೇನಿಲ್ಲ. ನಡುವಿನ ಸಂಪುಟ ಎಳೆದಾಡುತ್ತದೆ. ಹೆಣ್ಣು ಪಾತ್ರಗಳನ್ನು ನಡೆಸಿಕೊಂಡ ರೀತಿ ಆ ಕಾಲದ ಗಂಡಸರ ಪತ್ರಿಕೆಯ ರೀತಿಯೇ. ಬಂಡಾಯದ ಪುಸ್ತಕ ಈ ಒಂದು ವಿಷಯದಲ್ಲಿ ಬಂಡಾಯವನ್ನೇ ಮರೆತಿದೆ. ಅದು ನನಗೆ ನಿಜಕ್ಕೂ ಬೇಸರ ತಂದಿತು.

ಆದರೂ ಪುಸ್ತಕ ಬಿಡಲಿಲ್ಲ. ಯಾಕೆ ಅಂತ ಬೆಳಿಗ್ಗೆಯಿಂದ ಯೋಚಿಸುತ್ತಿದ್ದೇನೆ. ಗೂಢವಿದ್ಯೆ ಎಂದರೆ ಸಾಮಾನ್ಯವಾಗಿ ದೆವ್ವ, ಮಾಟ, ಮಂಡಲ, ಕಪ್ಪು ಬಟ್ಟೆ. ಈ ಬಗೆಯ ಬಂಡಾಯ ಸಂಸ್ಕೃತಿಯ, ಅಂದರೆ ಕೌಂಟರ್‌ಕಲ್ಚರ್ ಕಾದಂಬರಿಗಳಲ್ಲೂ ಅವು ಬರುತ್ತವೆ, ಆದರೆ ಮುಖ್ಯ ಕೆಲಸ ನಡೆಯುವುದು ಅಲ್ಲಿ ಅಲ್ಲ. ಮಂತ್ರ ಹಾಕುವುದು ಓದುವವರ ಗಮನದ ಮೇಲೆ. ವಾಕ್ಯ ಹೀಗೇ ಮುಂದುವರಿಯುತ್ತದೆ, ಕಥೆ ಹೇಳುವವನು ಒಬ್ಬನೇ ಇರುತ್ತಾನೆ, ಕಾರಣ ಮೊದಲು ಬಂದು ಪರಿಣಾಮ ಆಮೇಲೆ ಬರುತ್ತದೆ: ಇಂಥ ನಂಬಿಕೆಗಳನ್ನು ಇಟ್ಟುಕೊಂಡಿದ್ದೇವೆ ಎಂದೇ ನಮಗೆ ಗೊತ್ತಿರುವುದಿಲ್ಲ. ಪುಸ್ತಕ ಒಂದೊಂದನ್ನೇ ಮುರಿದಾಗ ಗೊತ್ತಾಗುತ್ತದೆ.

ಈ ಕೆಲಸವನ್ನು ತುಂಬಾ ನೇರವಾಗಿ ಮಾಡಿದವರು ಚಿತ್ರಕಾರ ಬ್ರಯನ್ ಗೈಸಿನ್ ಮತ್ತು ಅಮೆರಿಕದ ಕಾದಂಬರಿಕಾರ ವಿಲಿಯಂ ಬರೋಸ್. 1959ರಲ್ಲಿ ಪ್ಯಾರಿಸ್ಸಿನ ಒಂದು ಅಗ್ಗದ ಹೋಟೆಲ್ಲಿನಲ್ಲಿ ಗೈಸಿನ್ ಚಿತ್ರಕ್ಕೆ ಚೌಕಟ್ಟಿನ ರಟ್ಟು ಕೊಯ್ಯುತ್ತಿದ್ದ. ಕೆಳಗೆ ಹಾಸಿದ್ದ ಪತ್ರಿಕೆಗಳೂ ಜೊತೆಗೆ ಕತ್ತರಿಸಿಹೋದವು. ತುಂಡುಗಳನ್ನು ಜೋಡಿಸಿ ಓದಿದರೆ ಹೊಸ ವಾಕ್ಯಗಳು. ಟೋಪಿಯಿಂದ ಪದಗಳನ್ನು ಎತ್ತಿ ಕವಿತೆ ಕಟ್ಟುವ ದಾರಿಯನ್ನು ಕವಿ ಟ್ರಿಸ್ಟನ್ ಜಾರಾ 1920ರಲ್ಲೇ ಹೇಳಿದ್ದ ನಿಜ. ಆದರೆ ಬರೋಸ್‌ಗೆ ಇದು ಕವಿತೆಯ ಉಪಾಯ ಮಾತ್ರ ಆಗಿರಲಿಲ್ಲ. ಭಾಷೆ ಒಂದು ವೈರಸ್, ಅದು ನಮ್ಮೊಳಗೆ ಕೂತು ನಮ್ಮನ್ನು ನಡೆಸುತ್ತದೆ ಎಂದು ಅವನು ನಂಬಿದ್ದ. ಸಾಲುಗಳನ್ನು ಕತ್ತರಿಸಿದರೆ ಆ ಹಿಡಿತ ತಪ್ಪುತ್ತದೆ, ಮುಂದೆ ಆಗುವುದೂ ಅದರಲ್ಲಿ ಇಣುಕಬಹುದು ಎಂದೂ. 1961ರಿಂದ 1964ರವರೆಗೆ ಮೂರು ಕಾದಂಬರಿಗಳನ್ನು ಈ ದಾರಿಯಲ್ಲೇ ಬರೆದ.

ಮಧ್ಯಾಹ್ನ ನಾನೂ ಕತ್ತರಿ ತಗೊಂಡೆ. ಕನ್ನಡ ಪತ್ರಿಕೆಯ ಎರಡು ಪುಟಗಳನ್ನು ಉದ್ದಕ್ಕೆ ಸೀಳಿ ಅದಲುಬದಲು ಮಾಡಿದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ವಾಕ್ಯದ ನಡುವೆಯೇ ಬಂದುಬಿಡುತ್ತದೆ. ನಮ್ಮಲ್ಲಿ ಕೊನೆಯವರೆಗೆ ಕಾಯಬೇಕು. ಹಾಗಾಗಿ ಸೀಳಿದ ಕನ್ನಡ ವಾಕ್ಯ ಬೇರೆಯೇ ರೀತಿ ಕೆಲಸ ಮಾಡುತ್ತದೆ. ‘ತಂಡದ ನಾಯಕ ಮುಂದಿನ ಎರಡು ದಿನ ಅಲ್ಲಲ್ಲಿ ಹಗುರವಾಗಿ ಸುರಿಯಲಿದೆ.’ ಅರ್ಧ ವಾಕ್ಯದವರೆಗೂ ನಾನು ಒಬ್ಬ ಮನುಷ್ಯನ ಜೊತೆ ಇದ್ದೆ. ಕೊನೆಯ ಪದ ಬಂದಾಗ ಅವನು ಮಳೆ. ಇನ್ನೂ ವಿಚಿತ್ರವೆಂದರೆ, ನಾಲ್ಕೈದು ಸಾಲು ಓದುವಷ್ಟರಲ್ಲಿ ನನ್ನ ಮನಸ್ಸು ಅದಕ್ಕೊಂದು ಅರ್ಥ ಕಟ್ಟಲು ಶುರು ಮಾಡಿತ್ತು. ಯಾರೂ ಹೇಳದ ಮಾತನ್ನು ಯಾರೋ ನನಗೇ ಹೇಳುತ್ತಿದ್ದಾರೆ ಅನ್ನಿಸಿತು. ಸುಮ್ನೆ ಆಟ ಅಂತ ಕೂತವರಿಗೂ ಹೀಗಾಗುತ್ತದೆ. ಹೆದರಿದ ಮನಸ್ಸು ಕೂತರೆ ಏನಾಗಬಹುದು, ಅಲ್ವಾ?

ಅಮೆರಿಕದ ವೈಜ್ಞಾನಿಕ ಕಾದಂಬರಿಕಾರ ಫಿಲಿಪ್ ಕೆ. ಡಿಕ್ ಕಥೆ ನನಗೆ ತುಂಬಾ ಹತ್ತಿರ. 1962ರ ‘ದ ಮ್ಯಾನ್ ಇನ್ ದ ಹೈ ಕ್ಯಾಸಲ್’ ಬರೆಯುವಾಗ ಕಥೆ ಯಾವ ಕಡೆ ತಿರುಗಬೇಕು ಎಂದು ಅವನು ಚೀನಾದ ಹಳೆಯ ಶಕುನ ಗ್ರಂಥ ‘ಐ ಚಿಂಗ್’ ಕೇಳಿ ನಿರ್ಧರಿಸುತ್ತಿದ್ದ. ಎರಡನೇ ಮಹಾಯುದ್ಧದಲ್ಲಿ ಜರ್ಮನಿ ಮತ್ತು ಜಪಾನ್ ಗೆದ್ದ ಲೋಕ ಅದು. ಆ ಲೋಕದಲ್ಲಿ ಒಬ್ಬ ಲೇಖಕ ಅವರು ಸೋತಂತೆ ಒಂದು ಕಾದಂಬರಿ ಬರೆದಿರುತ್ತಾನೆ. ಅವನೂ ‘ಐ ಚಿಂಗ್’ ಕೇಳಿಯೇ ಬರೆದದ್ದು. ಕೊನೆಯಲ್ಲಿ ಜೂಲಿಯಾನ ಎಂಬ ಪಾತ್ರ ಆ ಶಾಸ್ತ್ರವನ್ನೇ ಪ್ರಶ್ನೆ ಕೇಳುತ್ತಾಳೆ. ಆ ಕಾದಂಬರಿಯಲ್ಲಿರುವುದೇ ಸತ್ಯ ಎಂಬ ಉತ್ತರ ಬರುತ್ತದೆ. ಅಂದರೆ ಅವಳು ನಿಂತಿರುವ ನೆಲ ಸುಳ್ಳು. ಈ ಜಾಗದಲ್ಲಿ ಯಾವ ವಿವರಣೆಯನ್ನೂ ಕೊಡದೆ ಡಿಕ್ ಪುಸ್ತಕ ಮುಗಿಸುತ್ತಾನೆ.

ಆಮೇಲೆ 1974ರ ಫೆಬ್ರವರಿ ಬಂತು. ದವಡೆ ಹಲ್ಲು ಕೀಳಿಸಿಕೊಂಡು ನೋವಿನಲ್ಲಿದ್ದ ಡಿಕ್ ಮನೆಗೆ ಔಷಧಿ ಅಂಗಡಿಯ ಹುಡುಗಿ ಮಾತ್ರೆ ತಂದಳು. ಅವಳ ಕೊರಳಲ್ಲಿ ಆದಿ ಕ್ರೈಸ್ತರ ಗುರುತಾದ ಮೀನಿನ ಪದಕ ಇತ್ತು. ಅದನ್ನು ನೋಡಿದ್ದೇ ತಡ, ತಾನು ಕ್ರಿಸ್ತನ ಮೊದಮೊದಲ ಅನುಯಾಯಿಗಳ ಕಾಲದಲ್ಲಿ ಇದ್ದೇನೆ ಅನ್ನಿಸಿತಂತೆ ಅವನಿಗೆ. ಮುಂದಿನ ವಾರಗಳಲ್ಲಿ ಗುಲಾಬಿ ಬೆಳಕು, ಮಾಹಿತಿಯ ಸುರಿಮಳೆ. ಸಾಯುವವರೆಗೂ, ಅಂದರೆ 1982ರವರೆಗೂ, ಇದೇನು ಎಂದು ಬರೆಯುತ್ತಲೇ ಹೋದ. ಸುಮಾರು 8,000 ಪುಟ. ದೇವರಾ, ಉಪಗ್ರಹವಾ, ಮಿದುಳಿನ ಕಾಯಿಲೆಯಾ? ಒಂದು ಉತ್ತರ ಬರೆದು, ಮತ್ತೆ ಅದನ್ನೇ ಅಲ್ಲಗಳೆದು, ಇನ್ನೊಂದಕ್ಕೆ ಹೋಗುತ್ತಿದ್ದ. 1981ರ ‘ವ್ಯಾಲಿಸ್’ ಕಾದಂಬರಿಯಲ್ಲಿ ಈ ಅನುಭವ ಆಗುವುದು ಇನ್ನೊಂದು ಪಾತ್ರಕ್ಕೆ. ಆದರೆ ಶುರುವಿನಲ್ಲೇ ಆ ಪಾತ್ರ ನಾನೇ ಎಂದು ನಿರೂಪಕ ಹೇಳಿಬಿಡುತ್ತಾನೆ. ನಂಬುವವನು ಒಬ್ಬ, ಸಂಶಯಪಡುವವನು ಇನ್ನೊಬ್ಬ. ಇಬ್ಬರೂ ಒಂದೇ ಮೈಯಲ್ಲಿ. ಪ್ರಯೋಗ ಅಂದರೆ ಹೀಗಿರಬೇಕು. ಬೇರೆ ದಾರಿಯಲ್ಲಿ ಹೇಳಲು ಆಗದ್ದಕ್ಕೇ ಆ ರೂಪ ಬಂದಿದೆ.

ಇನ್ನು ನನ್ನನ್ನು ನಿಜವಾಗಿ ಕಾಡುತ್ತಿರುವ ವಿಷಯಕ್ಕೆ ಬರುತ್ತೇನೆ. ಕೆರಿ ಥಾರ್ನ್ಲಿ.

‘ಇಲ್ಯುಮಿನೇಟಸ್!’ ಕಾದಂಬರಿಗೆ ಬೀಜ ಹಾಕಿದವರಲ್ಲಿ ಥಾರ್ನ್ಲಿ ಒಬ್ಬ. ಅವನೂ ಅವನ ಗೆಳೆಯ ಗ್ರೆಗ್ ಹಿಲ್ ಕೂಡ ಸೇರಿ ಗೊಂದಲದ ಗ್ರೀಕ್ ದೇವತೆ ಎರಿಸ್‌ಳ ಹೆಸರಲ್ಲಿ ಒಂದು ತಮಾಷೆಯ ಧರ್ಮ ಹುಟ್ಟಿಸಿದ್ದರು. ಡಿಸ್ಕಾರ್ಡಿಯನಿಸಂ ಎಂದು ಅದಕ್ಕೆ ಹೆಸರು. ಅದಕ್ಕೊಂದು ಗ್ರಂಥವನ್ನೂ ಮಾಡಿದರು. ಆಮೇಲೆ ವಿಲ್ಸನ್ ಜೊತೆ ಸೇರಿ ಇಲ್ಯುಮಿನಾಟಿ ಬಗ್ಗೆ ಕಟ್ಟುಕಥೆಯ ಪತ್ರಗಳನ್ನು ಪತ್ರಿಕೆಗಳಿಗೆ ಕಳಿಸಿದರು. ಎಲ್ಲವನ್ನೂ ಸಂಶಯಿಸಲು ಜನ ಕಲಿಯಲಿ ಎಂಬುದು ಅವರ ಆಸೆ.

ಆದರೆ ಥಾರ್ನ್ಲಿಗೆ ಇನ್ನೊಂದು ಹಳೆಯ ನಂಟಿತ್ತು. 1959ರಲ್ಲಿ ಅವನು ಅಮೆರಿಕದ ಮರೀನ್ ಸೈನ್ಯದಲ್ಲಿದ್ದ. ಅಲ್ಲಿ ಜೊತೆಗಿದ್ದವನು ಲೀ ಹಾರ್ವಿ ಆಸ್ವಾಲ್ಡ್, ಮುಂದೆ ಅಮೆರಿಕದ ಅಧ್ಯಕ್ಷ ಕೆನಡಿಯನ್ನು ಕೊಂದ ಆರೋಪ ಹೊತ್ತವನು. ಆಸ್ವಾಲ್ಡ್ ಸೋವಿಯತ್ ದೇಶಕ್ಕೆ ಹೋದ ಸುದ್ದಿ ಕೇಳಿ, ಅವನನ್ನೇ ಮಾದರಿಯಾಗಿಟ್ಟುಕೊಂಡು ಥಾರ್ನ್ಲಿ ಕಾದಂಬರಿ ಬರೆದ. 1962ಕ್ಕೆ ಅದು ಮುಗಿದಿತ್ತು. ಕೆನಡಿ ಹತ್ಯೆ ಆದದ್ದು 1963ರ ನವೆಂಬರ್‌ನಲ್ಲಿ. ಹತ್ಯೆಗೂ ಮುಂಚೆ ಆಸ್ವಾಲ್ಡ್ ಬಗ್ಗೆ ಕಾದಂಬರಿ ಬರೆದವನು! ಹತ್ಯೆಯ ತನಿಖೆಗೆ ನೇಮಿಸಿದ್ದ ವಾರೆನ್ ಆಯೋಗ ಅವನನ್ನು ಕರೆಸಿ ಹೇಳಿಕೆ ಪಡೆಯಿತು. ಆಮೇಲೆ ನ್ಯೂ ಆರ್ಲಿಯನ್ಸ್‌ನ ಜಿಲ್ಲಾ ಅಟಾರ್ನಿ ಜಿಮ್ ಗ್ಯಾರಿಸನ್, ನೀನು 1963ರಲ್ಲಿ ಆಸ್ವಾಲ್ಡ್‌ನನ್ನು ಭೇಟಿಯಾಗಿದ್ದೆ, ಸುಳ್ಳು ಹೇಳುತ್ತಿದ್ದೀಯ ಎಂದು ಕೇಸು ಹಾಕಿದ. ಕೇಸು ಬಿದ್ದುಹೋಯಿತು. ಬಿದ್ದ ಅನುಮಾನ ಮಾತ್ರ ಹೋಗಲಿಲ್ಲ. 1970ರ ದಶಕದಲ್ಲಿ ಥಾರ್ನ್ಲಿಯೇ, ತನಗೆ ಗೊತ್ತಿಲ್ಲದಂತೆ ತನ್ನನ್ನು ಆ ಪಿತೂರಿಯಲ್ಲಿ ಬಳಸಿಕೊಂಡಿದ್ದಾರೆ ಎಂದು ನಂಬತೊಡಗಿದ. ಗೆಳೆಯ ವಿಲ್ಸನ್ ಮೇಲೂ ಸಂಶಯ ಬಂತು. 1998ರಲ್ಲಿ ತೀರಿಕೊಂಡ.

ಇಷ್ಟನ್ನು ಬರೆದು ಸ್ವಲ್ಪ ಹೊತ್ತು ಪೆನ್ನು ಕೆಳಗಿಟ್ಟೆ. ಕಥೆಯನ್ನು ಸಡಿಲವಾಗಿ ಹಿಡಿಯಿರಿ ಎಂದು ಊರಿಗೆಲ್ಲ ಹೇಳಿಕೊಟ್ಟವನನ್ನೇ ಒಂದು ಕಥೆ ಗಟ್ಟಿಯಾಗಿ ಹಿಡಿದುಕೊಂಡಿತು. ಅವನನ್ನು ಹುಚ್ಚ ಎಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಸರ್ಕಾರಿ ವಕೀಲನೊಬ್ಬ ಅಧಿಕಾರದ ಮುದ್ರೆಯೊಂದಿಗೆ ‘ನೀನು ಈ ಕಥೆಯ ಒಳಗಿದ್ದೀಯ’ ಎಂದು ಹೇಳಿದ್ದಾನೆ. ಅಂಥ ಮಾತನ್ನು ಆಟ ಎಂದು ಪಕ್ಕಕ್ಕೆ ಸರಿಸಲು ಯಾರಿಗೆ ತಾನೇ ಆಗುತ್ತದೆ?

ವಿಲ್ಸನ್‌ಗೂ ಇಂಥದ್ದೇ ಆಗಿತ್ತು. 1973ರ ಜುಲೈಯಲ್ಲಿ ಸಿರಿಯಸ್ ನಕ್ಷತ್ರದಿಂದ ತನಗೆ ಸಂದೇಶ ಬರುತ್ತಿದೆ ಎಂದು ಅವನಿಗೆ ಅನ್ನಿಸತೊಡಗಿತು. 1977ರ ‘ಕಾಸ್ಮಿಕ್ ಟ್ರಿಗರ್’ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿದ್ದಾನೆ. ಆದರೆ ಅವನು ಒಂದು ಉತ್ತರಕ್ಕೆ ಅಂಟಿಕೊಳ್ಳಲಿಲ್ಲ. ಹೊರಗಿನ ಯಾರೋ ಇರಬಹುದು, ನನ್ನ ಮಿದುಳಿನ ಇನ್ನೊಂದು ಭಾಗ ಇರಬಹುದು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡ. ಒಬ್ಬ ಹೇಗೆ ದಾಟಿದ, ಇನ್ನೊಬ್ಬನಿಗೆ ಯಾಕೆ ಆಗಲಿಲ್ಲ? ಬುದ್ಧಿ ಜಾಸ್ತಿ ಕಡಿಮೆ ಎಂಬ ಮಾತಲ್ಲ ಇದು. ವಿಲ್ಸನ್‌ನ ಕಥೆ ಹಾಳೆಯ ಮೇಲೆ ಉಳಿಯಿತು. ಥಾರ್ನ್ಲಿಯ ಕಥೆ ಕೋರ್ಟಿಗೆ ಹೋಯಿತು. ನನಗೆ ಕಾಣುವ ವ್ಯತ್ಯಾಸ ಇದೇ.

ಹಾಗಾಗಿ ಇಂಥ ಪುಸ್ತಕ ಕೈಗೆತ್ತಿಕೊಂಡಾಗ ನಾನು ಒಂದನ್ನೇ ಹುಡುಕುತ್ತೇನೆ. ಅದು ತನ್ನನ್ನೇ ಸಂಶಯಿಸುತ್ತದಾ? ಲೋಕವೆಲ್ಲ ಸುಳ್ಳು, ಗುಟ್ಟು ಗೊತ್ತಿರುವುದು ತನಗೆ ಮಾತ್ರ ಎನ್ನುವ ಪುಸ್ತಕ ಎಷ್ಟೇ ಪ್ರಯೋಗ ಮಾಡಿರಲಿ, ಹಳೆಯ ಮಠಾಧಿಪತಿಯ ಕೆಲಸವನ್ನೇ ಮಾಡುತ್ತಿದೆ. ಈಗಂತೂ ಇಲ್ಯುಮಿನಾಟಿ ಎಂದು ಹುಡುಕಿದರೆ ಸಾಲುಸಾಲು ವಿಡಿಯೋಗಳು ಸಿಗುತ್ತವೆ. ಶೇ ಮತ್ತು ವಿಲ್ಸನ್ ಆಟವಾಡಿದ ಅದೇ ವಸ್ತು. ಅಲ್ಲಿ ಯಾರಿಗೂ ಸಂಶಯವಿಲ್ಲ. ಎಲ್ಲರಿಗೂ ಎಲ್ಲವೂ ಖಚಿತ.

ಪುಸ್ತಕ ಪುಟ ಬಿಟ್ಟು ಹೊರಗಿನ ಲೋಕಕ್ಕೆ ಸೋರಿದ್ದಕ್ಕೆ ಒಳ್ಳೆಯ ಉದಾಹರಣೆಗಳೂ ಇವೆ. 1976ರಲ್ಲಿ ಕೆನ್ ಕ್ಯಾಂಪ್‌ಬೆಲ್ ಲಿವರ್‌ಪೂಲ್‌ನಲ್ಲಿ ‘ಇಲ್ಯುಮಿನೇಟಸ್!’ ಅನ್ನು ಗಂಟೆಗಟ್ಟಲೆ ನಡೆಯುವ ನಾಟಕ ಮಾಡಿದ. ಮುಂದಿನ ವರ್ಷ ಲಂಡನ್ನಿನ ನ್ಯಾಷನಲ್ ಥಿಯೇಟರಿನ ಹೊಸ ರಂಗಮಂದಿರ ಶುರುವಾದದ್ದೇ ಈ ನಾಟಕದಿಂದ. ರಂಗಸಜ್ಜಿಕೆ ಮಾಡಿದ ಬಿಲ್ ಡ್ರಮಂಡ್ ಹತ್ತು ವರ್ಷದ ಮೇಲೆ ಕಾದಂಬರಿಯ ಒಂದು ಗುಂಪಿನ ಹೆಸರನ್ನೇ ತನ್ನ ಬ್ಯಾಂಡಿಗೆ ಇಟ್ಟ. ಆಮೇಲೆ ಗ್ರಾಂಟ್ ಮಾರಿಸನ್ 1994ರಿಂದ 2000ದವರೆಗೆ ‘ದ ಇನ್‌ವಿಸಿಬಲ್ಸ್’ ಕಾಮಿಕ್ಸ್ ಬರೆದರು. ಮಾರಾಟ ಬಿದ್ದಾಗ, ಓದುಗರೆಲ್ಲ ಸೇರಿ ಒಂದು ಸಿಗಿಲ್ ಮೇಲೆ ಮನಸ್ಸಿಡಿ ಎಂದು ಪತ್ರದ ಪುಟದಲ್ಲೇ ಕೇಳಿಕೊಂಡರು. ಇಷ್ಟಾರ್ಥವನ್ನು ಬರೆದು, ಮರುಕಳಿಸುವ ಅಕ್ಷರ ಹೊಡೆದುಹಾಕಿ, ಉಳಿದದ್ದನ್ನು ಒಂದು ಗುರುತಾಗಿ ಹೆಣೆಯುವುದು ಸಿಗಿಲ್. ಇಂಗ್ಲೆಂಡಿನ ಚಿತ್ರಕಾರ ಆಸ್ಟಿನ್ ಆಸ್ಮನ್ ಸ್ಪೇರ್ ತೋರಿಸಿದ ದಾರಿ ಅದು. ಓದುಗರನ್ನು ಕಥೆಯ ಕೂಲಿಯಾಳಲ್ಲ, ಪಾಲುದಾರ ಮಾಡಿಕೊಂಡದ್ದು ನನಗೆ ಇಷ್ಟ.

ಮುಂದೆ ಕಪ್ಪು ಅಮೆರಿಕನ್ ಲೇಖಕ ಇಷ್ಮೇಲ್ ರೀಡ್‌ನ ‘ಮಂಬೋ ಜಂಬೋ’ ಮತ್ತೆ ಓದಬೇಕು. 1972ರದು, ಅಂದರೆ ‘ಇಲ್ಯುಮಿನೇಟಸ್!’ಗಿಂತ ಮೂರು ವರ್ಷ ಮೊದಲೇ ಬಂದದ್ದು. ಆದರೂ ಈ ಬಗೆಯ ಕಾದಂಬರಿಗಳ ಮಾತು ಬಂದಾಗ ಅದರ ಹೆಸರು ಕೊನೆಗೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಅದು ಅನ್ಯಾಯ. 1920ರ ದಶಕದ ನ್ಯೂ ಆರ್ಲಿಯನ್ಸ್ ಮತ್ತು ಹಾರ್ಲೆಂ, ಜನರನ್ನು ಕುಣಿಸುವ ಒಂದು ಸಾಂಕ್ರಾಮಿಕ, ಅದನ್ನು ತಡೆಯಲು ಹೊರಟ ಬಿಳಿಯರ ಗುಪ್ತಸಂಘ, ಆಫ್ರಿಕಾ ಮೂಲದ ವೂಡೂ ವಿದ್ಯೆ ಬಲ್ಲ ಪತ್ತೇದಾರ ಪಾಪಾ ಲಾಬಾಸ್. ಫೋಟೋ, ಅಡಿಟಿಪ್ಪಣಿ, ಕೊನೆಗೆ ಗ್ರಂಥಸೂಚಿ ಕೂಡ ಇದೆ. ಮೊದಲ ಅಧ್ಯಾಯ ಶೀರ್ಷಿಕೆ ಪುಟಕ್ಕೂ ಮುಂಚೆಯೇ ಬರುತ್ತದೆ. ಶೇ ಮತ್ತು ವಿಲ್ಸನ್‌ಗೆ ಪಿತೂರಿ ಒಂದು ಬೌದ್ಧಿಕ ಸಾಹಸ. ರೀಡ್‌ನ ಜನರ ಕಲೆ, ಸಂಗೀತ, ದೇವರುಗಳನ್ನು ನಿಜವಾಗಿಯೇ ಕಿತ್ತುಕೊಂಡಿದ್ದಾರೆ. ಹಾಗಾಗಿ ‘ನಿಜ ಯಾವುದು’ ಎಂಬ ಪ್ರಶ್ನೆಯ ಪಕ್ಕದಲ್ಲೇ ‘ನಿಜ ಯಾವುದು ಎಂದು ಹೇಳುವ ಅಧಿಕಾರ ಯಾರದು’ ಎಂಬ ಪ್ರಶ್ನೆಯೂ ಅಲ್ಲಿ ಕೂತಿದೆ. ಥಾರ್ನ್ಲಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸಲ ಅದನ್ನು ಓದಬೇಕು. ಅಡಿಟಿಪ್ಪಣಿಗಳನ್ನೂ ಬಿಡದೆ.