ಕೈ ಎತ್ತಿದ್ದೇನೋ ನಿಜ

17ನೇ ವಯಸ್ಸಿನಲ್ಲಿ ಒಂದು ಸುವಾರ್ತಾ ಕೂಟದಲ್ಲಿ, ಅಂದರೆ ಕ್ರೈಸ್ತ ಬೋಧನೆಯ ಸಭೆಯಲ್ಲಿ, ಯೇಸುವನ್ನು ನಂಬುವವರು ಕೈ ಎತ್ತಿ ಅಂದಾಗ ಕೈ ಎತ್ತಿದೆ. ಕಣ್ಣೀರೂ ಬಂತು. ಚೀಟಿಯಲ್ಲಿ ಹೆಸರು ಬರೆದುಕೊಟ್ಟೆ, ಎಲ್ಲರೂ ಕೈ ಕುಲುಕಿದರು. ಪಾಪದಿಂದ ರಕ್ಷಣೆ ಆಯ್ತು, ಇನ್ನೇನು ಅಂದುಕೊಂಡೆ. ಮುಂದಿನ ವರ್ಷವೇ ನನ್ನ ತಪ್ಪೊಂದನ್ನು ತಮ್ಮನ ತಲೆಗೆ ಕಟ್ಟಿದೆ. ದೇವರು ನನ್ನನ್ನು ಬದಲಾಯಿಸಿದ ಅಂತ ನಾನು ಸಭೆಯಲ್ಲಿ ಸಾಕ್ಷಿ ಹೇಳುವಾಗ ಅವನು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

ಬೈಬಲ್ಲಿನ ಲೂಕ 19ರಲ್ಲಿ ಬರುವ ಸುಂಕ ವಸೂಲಿಗಾರ ಜಕ್ಕಾಯ ಯೇಸುವನ್ನು ನೋಡಲು ಮರ ಹತ್ತಿದ್ದು ಎಲ್ಲರಿಗೂ ನೆನಪಿರುತ್ತೆ, ಅಲ್ವಾ? ನನಗೆ ಚುಚ್ಚುವುದು ಆಮೇಲಿನ ಮಾತು. ಮೋಸದಿಂದ ಪಡೆದಿದ್ದರೆ ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದ.

ಹಾಗಂತ ಎಲ್ಲವೂ ಒಂದೇ ದಿನಕ್ಕೆ ಬದಲಾಗಲ್ಲ. ಮುಂದೆ ಪಾದ್ರಿಯಾದ ಇಂಗ್ಲಿಷ್ ನಾವಿಕ ಜಾನ್ ನ್ಯೂಟನ್ 1748ರಲ್ಲಿ, ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ದೇವರಿಗೆ ಮೊರೆಯಿಟ್ಟ. ಆಮೇಲೂ 1754ರ ತನಕ ಗುಲಾಮರನ್ನು ಸಾಗಿಸುವ ಹಡಗುಗಳಲ್ಲೇ ದುಡಿದ! ಆ ವ್ಯಾಪಾರದ ವಿರುದ್ಧ ಬರೆದು ಪ್ರಕಟಿಸಿದ್ದು 1788ರಲ್ಲಿ. ಹಾಗಾದರೆ ಅವನ ಮೊದಲ ಪ್ರಾರ್ಥನೆ ಸುಳ್ಳಾ? ನನಗಂತೂ ಹಾಗನ್ನಿಸಲ್ಲ. ಬೇರು ಇತ್ತು, ಹಣ್ಣು ಬಿಡೋದು ತೀರಾ ತಡವಾಯಿತು. ನನ್ನದರಲ್ಲಿ ಬೇರೇ ಇರಲಿಲ್ಲ. ಚೀಟಿ ಇತ್ತು, ಅಷ್ಟೆ.

ತಮ್ಮನ ಹತ್ತಿರ ಹೋಗಿ ನಿಜ ಹೇಳಿದ್ದು ಒಂಬತ್ತು ವರ್ಷ ಕಳೆದ ಮೇಲೆ. ಬಾಯಿ ಒಣಗಿತ್ತು. ಅವತ್ತು ಯಾರೂ ಕೈ ಕುಲುಕಲಿಲ್ಲ.

"ಗೊತ್ತಿತ್ತು ಬಿಡಣ್ಣ" ಅಂದ.