ಕಂಚಿಯ ಕಂಬದ ಹಿಂದೆ

ಕೈಲಾಸನಾಥನ ಗುಡಿಯ ಬಾಗಿಲಲ್ಲಿ ನಮ್ಮತ್ತೆ ನಿಂತವರು ನಿಂತೇ ಇದ್ದರು. ಆಮೇಲೆ ನನ್ನ ಕೈ ಹಿಡಿದು ಜಗ್ಗಿದರು. "ಏ ಯವ್ವಾ, ಇದು ನಮ್ಮ ಪಟ್ಟದಕಲ್ಲ ಗುಡಿ ಇದ್ದಂಗ ಐತಲ್ಲ!"

ಅತ್ತೆಯ ತವರು ಬಾದಾಮಿ ಹತ್ತಿರದ ಗುಳೇದಗುಡ್ಡ. ಪಟ್ಟದಕಲ್ಲು, ಮಹಾಕೂಟ, ಬನಶಂಕರಿ ಎಲ್ಲ ಅವರಿಗೆ ಚಿಕ್ಕಂದಿನಿಂದ ಬುತ್ತಿ ಕಟ್ಟಿಕೊಂಡು ಹೋಗಿಬಂದ ಜಾಗಗಳು. ಕಂಚಿ ಕಾಮಾಕ್ಷಿಯನ್ನು ಕಣ್ಣಾರೆ ನೋಡಬೇಕೆಂಬುದು ಅವರ ಬಹಳ ದಿನದ ಹರಕೆ. ಅದಕ್ಕೇ ಹೊರಟಿದ್ದು. ಕೈಲಾಸನಾಥ ನಮ್ಮ ಪಟ್ಟಿಯಲ್ಲೇ ಇರಲಿಲ್ಲ.

ಕಾಮಾಕ್ಷಿಯ ದರ್ಶನ ಬೆಳಿಗ್ಗೆಯೇ ಚೆನ್ನಾಗಿ ಆಯಿತು. ಪದ್ಮಾಸನದಲ್ಲಿ ಕೂತ ತಾಯಿ, ಕೈಯಲ್ಲಿ ಕಬ್ಬಿನ ಬಿಲ್ಲು. ಅತ್ತೆ ಕಣ್ಣೊರೆಸಿಕೊಂಡು ಹೊರಗೆ ಬಂದರು. ಕೆಟ್ಟದ್ದು ಆಮೇಲೆ. ಏಕಾಂಬರೇಶ್ವರನ ಗುಡಿಗೆ ಬಿಡು ಎಂದರೆ ಆಟೋದವನು "ಹತ್ತೇ ನಿಮಿಷ, ನೇಕಾರರ ಮನೆ ನೋಡಿ" ಎಂದು ಒಂದು ಸೀರೆ ಅಂಗಡಿಗೆ ಕರೆದೊಯ್ದ. ಮನೆಯೂ ಇಲ್ಲ, ಮಗ್ಗವೂ ಇಲ್ಲ, ಬರೀ ಗಾಜಿನ ಕಪಾಟು. ಅಂಗಡಿಯವನು ಹಾಸಿದ ರೇಷ್ಮೆಯನ್ನು ಅತ್ತೆ ಬೆರಳಲ್ಲಿ ಉಜ್ಜಿ, ತಿರುವಿ ನೋಡಿ, "ಇವರು ಅಂಚು ಕೂಡಸ್ತಾರ, ನಮ್ಮ ಇಳಕಲ್ಲಿನವರು ಸೆರಗು ಕೂಡಸ್ತಾರ. ಕೆಲಸ ಚಲೋ ಐತಿ, ರೇಟ್ ಚಲೋ ಇಲ್ಲ" ಎಂದು ಎದ್ದರು. ಅಲ್ಲಿಂದ ಬಿಡಿಸಿಕೊಂಡು ಹೋಗುವಷ್ಟರಲ್ಲಿ ಹನ್ನೆರಡೂವರೆ. ಏಕಾಂಬರೇಶ್ವರನ ಬಾಗಿಲು ಮುಚ್ಚಿತ್ತು.

ಹೋಗುವವರು ಇದೊಂದು ನೆನಪಿಟ್ಟುಕೊಳ್ಳಿ: ಕಂಚಿಯ ಗುಡಿಗಳು ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಮುಚ್ಚಿದರೆ ಮತ್ತೆ ತೆಗೆಯುವುದು ನಾಲ್ಕಕ್ಕೆ. ಸೀರೆ ಅಂಗಡಿಗೆ ಹೋಗುವುದಿದ್ದರೆ ಆ ಹೊತ್ತಲ್ಲಿ ಹೋಗಿ. ನಾವು ಕೃಷ್ಣದೇವರಾಯ 1509ರಲ್ಲಿ ಕಟ್ಟಿಸಿದ ಆ ದೊಡ್ಡ ಗೋಪುರದ ನೆರಳು ಸರಿದಂತೆಲ್ಲ ಸರಿಯುತ್ತ ಕೂತಿದ್ದೆವು. ಕೊನೆಗೆ ಎಳನೀರಿನ ಹೆಂಗಸೊಬ್ಬಳು, "ಇಲ್ಲಿ ಸಾಯಂಕಾಲ ರಶ್ಶು, ಮೊದಲು ಕೈಲಾಸನಾಥನಿಗೆ ಹೋಗಿಬನ್ನಿ, ಅಲ್ಲಿ ಯಾರೂ ಇರಲ್ಲ" ಎಂದಳು.

ನಿಜಕ್ಕೂ ಯಾರೂ ಇರಲಿಲ್ಲ. ಊರಿನ ಪಡುವಣ ಅಂಚಿನಲ್ಲಿ ಹುಲ್ಲುಹಾಸಿನ ನಡುವೆ ಮರಳುಗಲ್ಲಿನ ಗುಡಿ. ಪಲ್ಲವರ ರಾಜಸಿಂಹ 8ನೇ ಶತಮಾನದ ಮೊದಲಲ್ಲಿ ಕಟ್ಟಿಸಿದ್ದು. ಪ್ರಾಕಾರದ ಗೋಡೆಗುಂಟ 58 ಪುಟ್ಟ ಗುಡಿಗಳು, ಕಂಬ ಕಂಬಕ್ಕೂ ಹಿಂಗಾಲ ಮೇಲೆ ಎದ್ದುನಿಂತ ಸಿಂಹಗಳು. ಸವೆದ ಕಲ್ಲಿಗೆ ಯಾವುದೋ ಕಾಲದಲ್ಲಿ ಗಾರೆ ಮೆತ್ತಿ ಮುಖ ತಿದ್ದಿದ್ದಾರೆ. ನನಗದು ಒಂಚೂರೂ ಹಿಡಿಸಲಿಲ್ಲ. ಸವೆದದ್ದೇ ಚಂದವಿತ್ತು.

ಒಳಗೆ ಹದಿನಾರು ಮಗ್ಗುಲಿನ ಕರಿಯ ಲಿಂಗ, ಹಿಂದಿನ ಗೋಡೆಯಲ್ಲಿ ಸೋಮಾಸ್ಕಂದ, ಅಂದರೆ ಉಮೆ ಮತ್ತು ಮಗು ಸ್ಕಂದನ ಜೊತೆ ಕೂತ ಶಿವ. ಗರ್ಭಗುಡಿಯ ಸುತ್ತ ಬರಲು ಒಂದು ಕಿಂಡಿಯಲ್ಲಿ ನುಸುಳಿ ಹೋಗಿ ಇನ್ನೊಂದರಲ್ಲಿ ತೆವಳಿಕೊಂಡು ಹೊರಬರಬೇಕು. ಹಾಗೆ ಬಂದವರಿಗೆ ಮರುಹುಟ್ಟು ಇಲ್ಲವಂತೆ. ನಾನು ಬೇಡವೆಂದೆ. ಅತ್ತೆಗೆ 71, ಎರಡೂ ಮೊಣಕಾಲು ನೋವು. "ಈ ಮೊಣಕಾಲು ತಗೊಂಡು ಮತ್ತೊಂದು ಜನ್ಮ ಯಾರಿಗೆ ಬೇಕಾಗೈತಿ?" ಎಂದು ಸೆರಗು ಸಿಕ್ಕಿಸಿ ಒಳಗೆ ಹೋಗಿಯೇಬಿಟ್ಟರು. ಕತ್ತಲಲ್ಲಿ "ಶಿವಾ, ಶಿವಾ" ಎನ್ನುವುದಷ್ಟೇ ಕೇಳುತ್ತಿತ್ತು. ನಡುವೆ ಅದೂ ನಿಂತಾಗ ನನ್ನ ಎದೆ ಝಲ್ಲೆಂದಿತು. ಆಚೆ ಕಿಂಡಿಯಲ್ಲಿ ಮೊದಲು ಬಳೆ ಕಂಡವು, ಆಮೇಲೆ ನಗುವ ಮುಖ.

ಇದನ್ನೆಲ್ಲ ನೋಡುತ್ತಿದ್ದ ಗುಡಿಯ ವಯಸ್ಸಾದ ಅರ್ಚಕರು, ಅಲ್ಲಿನವರ ಮಾತಲ್ಲಿ ಗುರುಕ್ಕಳ್, ಯಾವ ಊರು ಎಂದು ತಮಿಳಲ್ಲಿ ಕೇಳಿದರು. ಬೆಂಗಳೂರು ಎಂದೆ. ಅತ್ತೆ ತಕ್ಷಣ "ಬಾದಾಮಿ" ಎಂದು ತಿದ್ದಿದರು. ಗುರುಕ್ಕಳ್ ಹುಬ್ಬು ಮೇಲೇರಿತು. "ಹಾಗಾದರೆ ನಿಮ್ಮ ರಾಜ ಬರೆಸಿದ್ದು ನೋಡದೆ ಹೋಗಬಾರದು" ಎಂದು ಮಂಟಪದ ಒಂದು ಕಂಬದ ಹಿಂಬದಿಗೆ ಕರೆದೊಯ್ದು ಮೊಬೈಲಿನ ಬೆಳಕು ಹಿಡಿದರು. ಸವೆದ ಸಾಲುಗಳು. ಲಿಪಿ ನನಗೆ ಓದಲು ಬಾರದು, ಆದರೆ ಭಾಷೆ ಕನ್ನಡ!

ಬಾದಾಮಿ ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದು ಬಂದವನು, ಈ ದೇವರ ಸಂಪತ್ತನ್ನು ನೋಡಿ, ಅದನ್ನು ಒಯ್ಯದೆ ದೇವರಿಗೇ ಬಿಟ್ಟುಕೊಟ್ಟ ಎಂಬ ಶಾಸನ ಅದು. ಅವನಿಗೆ ಸಿಟ್ಟಿರಲು ಕಾರಣ ಬೇಕಾದಷ್ಟಿತ್ತು. ಸುಮಾರು ನೂರು ವರ್ಷ ಮುಂಚೆ, 642ರಲ್ಲಿ, ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದು ಅಲ್ಲಿನ ಬಂಡೆಯ ಮೇಲೆ ತನ್ನ ಶಾಸನ ಕೆತ್ತಿಸಿದ್ದ.

ಗುರುಕ್ಕಳ್ ತುಂಟತನದಿಂದ ನಕ್ಕು, "ಆದರೆ ನೋಡಿ, ಬಿಟ್ಟುಕೊಟ್ಟೆ ಅಂತ ಬರೆಸಿದವನೂ ಅವನೇ" ಎಂದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದೆ.

ಅತ್ತೆ ಬಿಡಲಿಲ್ಲ. "ಕೇಳು ಅವರನ್ನ. ಅಂವ ಹೊಳ್ಳಿ ಊರಿಗೆ ಹ್ವಾದ ಮ್ಯಾಲೆ ಇವರ ರಾಜನೇ ಬಂದ ಹೌದಿಲ್ಲೋ? ಸುಳ್ಳಾಗಿದ್ರ ಕೆತ್ತಿ ಒಗೀತಿದ್ದಿಲ್ಲೇನು? ಯಾಕ ಇಟ್ಟಾರ?"

ನಾನು ತಡವರಿಸುತ್ತ ತಮಿಳಲ್ಲಿ ಹೇಳಿದೆ. ಗುರುಕ್ಕಳ್ ಕಂಬವನ್ನೊಮ್ಮೆ ನೋಡಿದರು, ಅತ್ತೆಯನ್ನೊಮ್ಮೆ ನೋಡಿದರು. ಮಾತಾಡದೆ ಒಳಗೆ ಹೋಗಿ ಒಂದು ಹಿಡಿ ವಿಭೂತಿಯನ್ನು ಕಾಗದದಲ್ಲಿ ಕಟ್ಟಿ ತಂದುಕೊಟ್ಟರು. ನನಗೆ ಬರೀ ಚಿಟಿಕೆ.

ಹೊರಗೆ ಹುಲ್ಲಿನ ಮೇಲೆ ಕೂತು, ಅದೇ ರಾಜನ ಪಟ್ಟದರಸಿ ಲೋಕಮಹಾದೇವಿ ಕಂಚಿಯ ಗೆಲುವಿನ ನೆನಪಿಗೆ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದಳು, ಅದರ ಮೇಲೆ ಈ ಗುಡಿಯ ಛಾಯೆ ಇದೆ ಎಂದು ಅತ್ತೆಗೆ ಹೇಳಿದೆ. ಪುಸ್ತಕವಿಲ್ಲದೆ ಅವರು ಅದನ್ನು ಬಾಗಿಲಲ್ಲೇ ಗುರುತಿಸಿದ್ದರು. ಅತ್ತೆ ಎಷ್ಟೋ ಹೊತ್ತು ಶಿಖರವನ್ನೇ ನೋಡುತ್ತಿದ್ದರು.

ಸಂಜೆ ಏಕಾಂಬರೇಶ್ವರ ಸಿಕ್ಕ, ನೂಕುನುಗ್ಗಲಿನಲ್ಲಿ. ಮರುದಿನ ವರದರಾಜ ಪೆರುಮಾಳ್ ಗುಡಿಯಲ್ಲಿ ಮೆಣಸು, ಜೀರಿಗೆ, ಒಣಶುಂಠಿ ಹಾಕಿದ ಇಡ್ಲಿಯ ಪ್ರಸಾದ. ಇಡ್ಲಿಯಲ್ಲಿ ಶುಂಠಿ ಯಾಕೆ ಎಂಬುದು ನನ್ನ ತಕರಾರು. ಅತ್ತೆ ಎರಡು ತುಂಡು ತಿಂದರು.

ಬಸ್ಸು ಹತ್ತಿದ ಮೇಲೆ ಗುಳೇದಗುಡ್ಡದ ಅಣ್ಣನಿಗೆ ಫೋನು ಮಾಡಿದರು. ಅವರದು ಖಣದ ಮಗ್ಗ. ಗುಡಿ, ಕಿಂಡಿ, ಕಂಬದ ಕನ್ನಡ, ರಾಜ ಬಿಟ್ಟುಕೊಟ್ಟದ್ದು ಎಲ್ಲವನ್ನೂ ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು. ಆ ಕಡೆಯಿಂದ ಏನೋ ಪ್ರಶ್ನೆ ಬಂತು. ಅತ್ತೆ ಫೋನು ಕೆಳಗಿಳಿಸಿ ನನ್ನತ್ತ ತಿರುಗಿದರು.

"ಅಂಗಡ್ಯಾಂವ ಆ ಹಸಿರು ಸೀರಿಗೆ ಎಷ್ಟ್ ಹೇಳಿದ್ನವ್ವಾ?"